ರೇಡಿಯಾಲಜಿ ಸಂಘ ನಡೆಸೋದು ಹೇಗೆ? ಹಾಸನ, ಚಿಕ್ಕಮಗಳೂರಿನ ಪದಾಧಿಕಾರಿಗಳಿಗೆ ಒಂದು ಕೈಪಿಡಿ

ನಮ್ಮ ಕಡೆ ಸಂಘಗಳಿಗೇನೂ ಬರವಿಲ್ಲ. ಕಾಫಿ ಬೆಳೆಗಾರರದ್ದು ಒಂದು, ಹಾಲು ಹಾಕುವವರದ್ದು ಒಂದು, ಬೀದಿಗೊಂದು ಗಣಪತಿ ಸಮಿತಿ. ಎಕ್ಸ್‌ರೇ, ಸ್ಕ್ಯಾನ್ ಓದಿ ರಿಪೋರ್ಟ್ ಕೊಡುವ ಡಾಕ್ಟರುಗಳು, ಅಂದರೆ ರೇಡಿಯಾಲಜಿಸ್ಟರೂ ಹಿಂದೆ ಬಿದ್ದಿಲ್ಲ. ಇಂಡಿಯನ್ ರೇಡಿಯಾಲಜಿಕಲ್ ಅಂಡ್ ಇಮೇಜಿಂಗ್ ಅಸೋಸಿಯೇಷನ್ ಶುರುವಾಗಿದ್ದು 1931ರಲ್ಲಿ. ಅದಕ್ಕೆ ರಾಜ್ಯ ಶಾಖೆಗಳಿವೆ. ಆದರೆ ಜಿಲ್ಲೆಯ ಮಟ್ಟಕ್ಕೆ ಬಂದರೆ ಸಂಘ ಅಂದರೆ ಸಾಮಾನ್ಯವಾಗಿ ಒಂದು ವಾಟ್ಸಾಪ್ ಗ್ರೂಪ್, ಆಗೊಂದು ಈಗೊಂದು ಸಿಎಂಇ (ಡಾಕ್ಟರುಗಳ ಕಲಿಕೆಯ ಕಾರ್ಯಕ್ರಮ), ಆಮೇಲೆ ಊಟ, ಕೊನೆಗೆ ಗ್ರೂಪ್ ಫೋಟೋ. ಊಟದ ಬಗ್ಗೆ ನನ್ನದೇನೂ ತಕರಾರಿಲ್ಲ. ಅಷ್ಟಕ್ಕೇ ನಿಂತುಬಿಟ್ಟರೆ ಸಂಘ ಯಾಕೆ ಬೇಕು ಅನ್ನುವುದಷ್ಟೇ ಪ್ರಶ್ನೆ.

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಈ ವರ್ಷ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅಂತ ಆಯ್ಕೆಯಾಗಿ, "ಸರಿ, ಈಗ ಮಾಡೋದೇನು?" ಅಂತ ಯೋಚಿಸುತ್ತಿರುವವರಿಗೆ ಈ ಬರಹ. ಹೊಸದಾಗಿ ಸಂಘ ಕಟ್ಟಲು ಹೊರಟವರಿಗೂ ಉಪಯೋಗಕ್ಕೆ ಬರುತ್ತದೆ.

ಮೌಲ್ಯಾಧಾರಿತ ಆರೈಕೆ ಅನ್ನುವ ಮಾತು ಈಗ ಎಲ್ಲ ಸಮ್ಮೇಳನಗಳಲ್ಲೂ ಕೇಳಿಬರುತ್ತದೆ. ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ ಅದನ್ನು ಒಂದು ಭಾಗಾಕಾರದ ಲೆಕ್ಕವಾಗಿ ಮುಂದಿಟ್ಟರು. ರೋಗಿಗೆ ಆದ ಒಳ್ಳೆಯದು ಮೇಲೆ, ಅದಕ್ಕಾದ ಖರ್ಚು ಕೆಳಗೆ. ಎಷ್ಟು ಸ್ಕ್ಯಾನ್ ಮಾಡಿದಿರಿ ಅನ್ನುವುದಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಡೈರಿಗೆ ಹಾಲು ಹಾಕುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕ್ಯಾನ್ ತುಂಬಿದ್ದರೆ ಸಾಲದು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ನೋಡಿಯೇ ದುಡ್ಡು.

ಖರ್ಚು ಅಂದರೆ ಬಿಲ್ಲಿನಲ್ಲಿ ಬರೆದಿದ್ದು ಮಾತ್ರ ಅಲ್ಲ. ಕಳಸದಿಂದ ಚಿಕ್ಕಮಗಳೂರಿಗೆ ಘಟ್ಟದ ರಸ್ತೆಯಲ್ಲಿ ಬಸ್ಸು. ಎಸ್ಟೇಟಿನ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದ ಮಗನದ್ದೂ ಹೋಯಿತು. "ರಿಪೋರ್ಟ್ ನಾಳೆ ಬನ್ನಿ" ಅಂದರೆ ಅಷ್ಟೂ ಇನ್ನೊಂದು ಸಲ.

ಇಲ್ಲೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಂಘದ ಆಡಳಿತ ನೆಟ್ಟಗಾಗುವ ಮುಂಚೆ ಗುಣಮಟ್ಟದ ಮಾತು ಎತ್ತಬೇಡಿ. ಊರಲ್ಲಿರುವುದು ಕೆಲವೇ ಸ್ಕ್ಯಾನಿಂಗ್ ಸೆಂಟರ್. ಅದರಲ್ಲಿ ಒಂದು ಅಧ್ಯಕ್ಷರದ್ದು. ಅವರ ಕೈಗೆ ಪಕ್ಕದ ರಸ್ತೆಯವರು ತಮ್ಮ ತಪ್ಪು ರಿಪೋರ್ಟುಗಳ ಪಟ್ಟಿ ಯಾಕೆ ಕೊಡುತ್ತಾರೆ? ಕೊಡುವ ಧೈರ್ಯ ಬರಬೇಕಾದರೆ, ಆ ಪಟ್ಟಿ ಯಾರ ಕಣ್ಣಿಗೆ ಬೀಳುತ್ತದೆ, ಯಾರ ಕಣ್ಣಿಗೆ ಬೀಳುವುದಿಲ್ಲ ಅಂತ ಬೈಲಾದಲ್ಲೇ ಇರಬೇಕು.

ಮೊದಲು ಬೈಲಾ ತೆಗೆದು ಓದಿ

ನೀವು ರಾಜ್ಯ ಸಂಘದ ಶಾಖೆಯಾ, ಸ್ವತಂತ್ರ ಸಂಘವಾ? ಇದು ಖಚಿತವಾಗಲಿ. ಶಾಖೆಯಾದರೆ ಮೇಲಿನವರ ನಿಯಮಾವಳಿ ತರಿಸಿಕೊಳ್ಳಿ. ಸ್ವತಂತ್ರವಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960 ನಿಮಗೆ ಅನ್ವಯಿಸುತ್ತದೆ. ಕನಿಷ್ಠ 7 ಜನ ಬೇಕು. ಸಹಕಾರ ಇಲಾಖೆಯಡಿ ಬರುವ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಕೆಲಸ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮಾಡಿ, ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಅಲ್ಲಿಗೆ ಸಲ್ಲಿಸಬೇಕು. ಸುಮಾರು ಸಂಘಗಳು ಎಡವುವುದೇ ಇಲ್ಲಿ. ವರ್ಷಗಟ್ಟಲೆ ಏನೂ ಸಲ್ಲಿಸಿರುವುದಿಲ್ಲ. ಆಮೇಲೆ ಬ್ಯಾಂಕ್ ಖಾತೆಯಲ್ಲಿ ಸಹಿ ಬದಲಾಯಿಸಲು ಹೋದಾಗ ತೊಂದರೆ ಗೊತ್ತಾಗುತ್ತದೆ.

ಬೈಲಾವನ್ನು ಬೇರೆ ಸಂಘದ್ದು ಜೆರಾಕ್ಸ್ ಮಾಡಿ ಹೆಸರು ತಿದ್ದಿ ಕೊಟ್ಟಿರುತ್ತಾರೆ. ಹಾಗಾಗಿ ರೇಡಿಯಾಲಜಿ ಸಂಘದ ಉದ್ದೇಶಗಳಲ್ಲಿ ಕ್ರೀಡಾಕೂಟವೂ ಸಾಂಸ್ಕೃತಿಕ ಕಾರ್ಯಕ್ರಮವೂ ಇರುತ್ತವೆ, ರೋಗಿ ಅನ್ನುವ ಪದ ಹುಡುಕಿದರೂ ಸಿಗುವುದಿಲ್ಲ. ಅದನ್ನು ತಿದ್ದುಪಡಿ ಮಾಡಿ. ಜೊತೆಗೆ ಇವಿಷ್ಟು ಸೇರಲಿ: ಒಂದೇ ಹುದ್ದೆಯಲ್ಲಿ ಒಬ್ಬರು ಸತತವಾಗಿ ಎಷ್ಟು ಅವಧಿ ಇರಬಹುದು, ಚುನಾವಣೆ ನಡೆಸುವವರು ಅಭ್ಯರ್ಥಿ ಆಗಬಾರದು, ಚೆಕ್ಕಿಗೆ ಎರಡು ಸಹಿ, ಕೋರಂ (ಸಭೆ ನಡೆಯಲು ಇರಲೇಬೇಕಾದ ಜನ) ಎಷ್ಟು. ಕೋರಂ ಜಾಸ್ತಿ ಇಡಬೇಡಿ. ರಾತ್ರಿ ಪಾಳಿ, ಎಮರ್ಜೆನ್ಸಿ ಅಂತ ಅರ್ಧ ಜನ ಬರುವುದೇ ಇಲ್ಲ, ಸಭೆ ಮುಂದೂಡುತ್ತಲೇ ವರ್ಷ ಕಳೆಯುತ್ತದೆ.

ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯನ್ನು ನೋಡಿ. 1923ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ನೀತಿ ತೀರ್ಮಾನಿಸುವ ಕೌನ್ಸಿಲ್ ಬೇರೆ, ಆಡಳಿತ ನಡೆಸುವ ಮಂಡಳಿ ಬೇರೆ. ಇಪ್ಪತ್ತು ಮೂವತ್ತು ಜನರ ಸಂಘಕ್ಕೆ ಅಷ್ಟೆಲ್ಲ ಬೇಡ. ಆದರೆ ಒಂದನ್ನು ಮಾತ್ರ ಅಲ್ಲಿಂದ ತನ್ನಿ: ಗುಣಮಟ್ಟ ಸಮಿತಿಯಲ್ಲಿ ಅಧ್ಯಕ್ಷ, ಕಾರ್ಯದರ್ಶಿ ಇಬ್ಬರೂ ಇರಬಾರದು. ಸಮಿತಿ ನೋಡಿದ ಕೇಸುಗಳ ವಿವರ ಕಾರ್ಯಕಾರಿ ಸಮಿತಿಗೆ ಹೋಗಬಾರದು, ಒಟ್ಟು ಅಂಕಿ ಮಾತ್ರ ಹೋಗಬೇಕು. ಇದನ್ನು ಠರಾವಿನಲ್ಲಿ ಬರೆದರೆ ಸಾಲದು, ಮುಂದಿನ ಸಭೆ ಅದನ್ನು ಅಳಿಸಿಬಿಡಬಹುದು. ಬೈಲಾದಲ್ಲೇ ಹಾಕಿ.

ದುಡ್ಡಿನ ವಿಷಯ

ಇದನ್ನು ಮೆತ್ತಗೆ ಹೇಳಿ ಪ್ರಯೋಜನವಿಲ್ಲ. ಸ್ಕ್ಯಾನಿಂಗ್‌ಗೆ ಕಳಿಸಿದ ಡಾಕ್ಟರಿಗೆ 'ಕಟ್' ಕೊಡುವ ಪದ್ಧತಿ ಯಾರಿಗೆ ಗೊತ್ತಿಲ್ಲ? ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ 6.4ನೇ ಕಲಂ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದೆ. ಕಂಪನಿಗಳಿಂದ ಉಡುಗೊರೆ, ಪ್ರವಾಸ ಪಡೆಯುವುದರ ಬಗ್ಗೆ 2009ರಲ್ಲಿ 6.8ನೇ ಕಲಂ ಬಂತು. ಮೊದಲು ಅದು ವೈದ್ಯರ ಸಂಘಗಳಿಗೂ ಅನ್ವಯಿಸುತ್ತಿತ್ತು. 2016ರ ತಿದ್ದುಪಡಿಯಲ್ಲಿ ಸಂಘಗಳನ್ನು ಅದರಿಂದ ಕೈಬಿಟ್ಟರು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಬಂತು, ಅದೇ ತಿಂಗಳು ತಡೆಹಿಡಿಯಲಾಯಿತು, ಹಳೆಯದೇ ಮತ್ತೆ ಜಾರಿಗೆ ಬಂತು. ಅಂದರೆ ಡಾಕ್ಟರೊಬ್ಬರು ತೆಗೆದುಕೊಂಡರೆ ತಪ್ಪಾಗುವ ದುಡ್ಡನ್ನು ಸಂಘ ತೆಗೆದುಕೊಂಡರೆ ಆ ಕಲಂ ಕೇಳುವುದಿಲ್ಲ. ಆದ್ದರಿಂದ ಸಂಘ ತನಗೆ ತಾನೇ ನಿಯಮ ಹಾಕಿಕೊಳ್ಳಬೇಕು.

ಹೇಗೆ? ಒಂದು ಪುಟದ ಘೋಷಣೆ ಸಾಕು. ನನಗೆ ಅಥವಾ ಮನೆಯವರಿಗೆ ಯಾವ ಸ್ಕ್ಯಾನಿಂಗ್ ಸೆಂಟರಿನಲ್ಲಿ ಪಾಲಿದೆ, ಯಾವ ಆಸ್ಪತ್ರೆಗೆ ರಿಪೋರ್ಟ್ ಮಾಡಿಕೊಡುತ್ತೇನೆ, ಯಾವ ಕಂಪನಿಯಿಂದ ಭಾಷಣಕ್ಕೆ ದುಡ್ಡು ಬಂದಿದೆ. ಪ್ರತಿ ಪದಾಧಿಕಾರಿಯೂ ವರ್ಷದ ಮೊದಲ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಬೇಕು. ಕಾಗದ ಕೊಟ್ಟು ಸುಮ್ನೆ ಕೂರುವುದಲ್ಲ, ಓದಬೇಕು. ಮೊದಲ ಸಲ ಮುಜುಗರ ಆಗುತ್ತದೆ. ಮುಂದಿನ ವರ್ಷ ಅಭ್ಯಾಸ ಆಗಿರುತ್ತದೆ.

ಸಂಬಂಧ ಇರುವ ವಿಷಯ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ನಡಾವಳಿಯಲ್ಲಿ ಹೀಗೆ ಬರೆಯಿರಿ:

"ವಿಷಯ 4: ಸಿಎಂಇಗೆ ಕಾಂಟ್ರಾಸ್ಟ್ (ಸ್ಕ್ಯಾನ್ ಸ್ಪಷ್ಟವಾಗಲು ಕೊಡುವ ಔಷಧಿ) ಡೀಲರ್ ಕೊಡುವ ಪ್ರಾಯೋಜಕತ್ವ. ಆ ವ್ಯವಹಾರದಲ್ಲಿ ತಮ್ಮ ಬಾಮೈದನಿಗೆ ಪಾಲಿದೆ ಎಂದು ಖಜಾಂಚಿಯವರು ತಿಳಿಸಿ ಹೊರಗೆ ಹೋದರು. ಉಳಿದ 6 ಜನ ಚರ್ಚಿಸಿ, ಸ್ಟಾಲ್ ಸಭಾಂಗಣದ ಹೊರಗೆ ಇರಬೇಕು, ಹಣ ಚೆಕ್ ಮೂಲಕ ಸಂಘದ ಖಾತೆಗೇ ಬರಬೇಕು ಎಂದು ಠರಾವು ಮಾಡಿದರು. ನಂತರ ಖಜಾಂಚಿಯವರು ಸಭೆಗೆ ಮರಳಿದರು."

ಮೇಲಿನದು ಮಾದರಿ ಅಷ್ಟೇ, ಹೆಸರು ಸಂಖ್ಯೆ ನಿಮ್ಮದು ಹಾಕಿಕೊಳ್ಳಿ. ಪ್ರಾಯೋಜಕರು ಬರುವ ಮುಂಚೆಯೇ ಭಾಷಣದ ವಿಷಯ, ಭಾಷಣಕಾರರು ತೀರ್ಮಾನ ಆಗಿರಲಿ. ಕಾರ್ಯಕ್ರಮ ಮುಗಿದ ತಿಂಗಳೊಳಗೆ ಜಮಾ ಖರ್ಚು ಎಲ್ಲ ಸದಸ್ಯರಿಗೂ ಕಳಿಸಿ. ಶಾಮಿಯಾನದ ಬಿಲ್ಲೂ ಸೇರಿ.

ಇನ್ನೊಂದು ಅಪಾಯ ಇದೆ, ಒಳ್ಳೆಯ ಮನಸ್ಸಿನಿಂದಲೇ ಬರುವಂಥದ್ದು. "ಎಲ್ಲರೂ ಸೇರಿ ಒಂದೇ ರೇಟ್ ಮಾಡಿಬಿಡೋಣ, ಪೈಪೋಟಿ ಇರಲ್ಲ" ಅಂತ ಯಾರಾದರೂ ಎದ್ದು ನಿಲ್ಲುತ್ತಾರೆ. ಬೇಡ. ಸ್ಪರ್ಧಾ ಕಾಯ್ದೆ 2002ರ ಕಲಂ 3 ಇರುವುದೇ ಇಂಥ ಒಪ್ಪಂದ ತಡೆಯಲು. ಸಂಘದ ಸಭೆಯಲ್ಲಿ ರೇಟ್ ಚರ್ಚೆ ಆದರೆ ನಡಾವಳಿ ಪುಸ್ತಕವೇ ಸಾಕ್ಷಿ. ಅವರವರ ದರ ಅವರವರ ಸೆಂಟರಿನಲ್ಲಿ ಕಾಣುವ ಹಾಗೆ ಬೋರ್ಡ್ ಹಾಕಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆಯೂ ಅದನ್ನೇ ಕೇಳುತ್ತದೆ.

ಮೂರೇ ಲೆಕ್ಕ ಇಡಿ

ಗುಣಮಟ್ಟ ಅಂದ ಕೂಡಲೇ ಕೆಲವರು ನಲವತ್ತು ಕಾಲಂ ಇರುವ ಎಕ್ಸೆಲ್ ತೆರೆಯುತ್ತಾರೆ. ಎರಡನೇ ತಿಂಗಳಿಗೆ ಅದನ್ನು ಯಾರೂ ತುಂಬುವುದಿಲ್ಲ. ಮೂರು ಸಾಕು. ರೋಗಿಗೆ ತಟ್ಟುವ ಮೂರು.

ಮೊದಲನೆಯದು ಸ್ಕ್ಯಾನಿಗೆ ಡಾಕ್ಟರು ಬರೆದುಕೊಡುವ ಚೀಟಿ. ಔಷಧಿ ಕಂಪನಿಯ ಹೆಸರಿರುವ ಸಣ್ಣ ಪ್ಯಾಡಿನ ಹಾಳೆ. ಅದರಲ್ಲಿ "ಸಿಟಿ ಬ್ರೈನ್" ಅಂತ ಎರಡೇ ಪದ, ಕೆಳಗೆ ಸಹಿ. ತಲೆನೋವು ಎಷ್ಟು ದಿನದ್ದು, ವಾಂತಿ ಇದೆಯಾ, ಬಿದ್ದು ಪೆಟ್ಟಾಗಿದೆಯಾ, ಒಂದೂ ಇಲ್ಲ. ರಿಸೆಪ್ಷನ್ ಹುಡುಗಿ ಕೇಳಿದರೆ ಅರಕಲಗೂಡಿನ ಕಡೆಯ ಅಜ್ಜಿ, "ಡಾಕ್ಟ್ರು ಬರ್ಕೊಟ್ಟವ್ರೆ ಕಣವ್ವ, ಅದೇನ್ ಮಾಡ್ಬೇಕೋ ಮಾಡು" ಅನ್ನುತ್ತದೆ. ಈ ಎರಡು ಪದದ ಚೀಟಿಯಿಂದ ಒಳ್ಳೆಯ ರಿಪೋರ್ಟ್ ಹೇಗೆ ಬರಬೇಕು?

ಅದಕ್ಕೆ ಸಂಘವೇ ಒಂದು ಚೀಟಿ ಅಚ್ಚು ಹಾಕಿಸಿ ಎಲ್ಲ ಡಾಕ್ಟರಿಗೂ ಹಂಚಲಿ. ತೊಂದರೆ ಏನು, ಎಷ್ಟು ದಿನದ್ದು, ಏನು ಅನುಮಾನ, ಹಿಂದೆ ಸ್ಕ್ಯಾನ್ ಆಗಿದೆಯಾ, ಹೆಣ್ಣುಮಕ್ಕಳಾದರೆ ಗರ್ಭಿಣಿಯಾ, ಕಿಡ್ನಿ ತೊಂದರೆ ಇದೆಯಾ. ಐದಾರು ಸಾಲು, ಅಷ್ಟೇ. ಆಮೇಲೆ ತಿಂಗಳಿಗೆ 50 ಚೀಟಿ ಎತ್ತಿಕೊಂಡು, ಎಷ್ಟರಲ್ಲಿ ಕಾರಣ ಬರೆದಿದೆ, ಎಷ್ಟರಲ್ಲಿ ಆ ಪರೀಕ್ಷೆ ನಿಜವಾಗಿ ಬೇಕಿತ್ತು ಅಂತ ಎಣಿಸಿ. ಬೇಕಿತ್ತಾ ಬೇಡವಾ ಅಂತ ಹೇಳಲು ಅಳತೆಗೋಲು ಇದೆ. ಅಮೆರಿಕನ್ ಕಾಲೇಜ್ 1993ರಿಂದ ಯಾವ ತೊಂದರೆಗೆ ಯಾವ ಪರೀಕ್ಷೆ ಅಂತ ಮಾರ್ಗಸೂಚಿ ಮಾಡುತ್ತಾ ಬಂದಿದೆ. 2012ರಲ್ಲಿ, ಬೇಡದ ಪರೀಕ್ಷೆ ತಗ್ಗಿಸುವ 'ಚೂಸಿಂಗ್ ವೈಸ್ಲಿ' ಅಭಿಯಾನಕ್ಕಾಗಿ ಅದು ಐದು ಸಲಹೆ ಕೊಟ್ಟಿತು. ಅದರಲ್ಲಿ ಮೂರು ಇಲ್ಲಿವೆ. ಬೇರೆ ಅಪಾಯದ ಲಕ್ಷಣವಿಲ್ಲದ ಬರೀ ತಲೆನೋವಿಗೆ ಸ್ಕ್ಯಾನ್ ಬೇಡ. ಮಕ್ಕಳಲ್ಲಿ ಅಪೆಂಡಿಸೈಟಿಸ್ ಅನುಮಾನ ಬಂದರೆ ಸಿಟಿಗಿಂತ ಮೊದಲು ಅಲ್ಟ್ರಾಸೌಂಡ್ ಯೋಚಿಸಿ. ಆರೋಗ್ಯವಾಗಿರುವವರಿಗೆ ಆಪರೇಷನ್ ಮುಂಚೆ ಸುಮ್ನೆ ಎದೆಯ ಎಕ್ಸ್‌ರೇ ಬೇಡ. ಇವೆಲ್ಲ ಹಾಸನಕ್ಕೂ ಹಾಗೇ ಒಪ್ಪುತ್ತವೆ.

ನಮ್ಮ ಕಡೆ ಇದಕ್ಕೆ ಸೊಂಟನೋವನ್ನು ಸೇರಿಸಲೇಬೇಕು. ತೋಟದಲ್ಲಿ ಮೂಟೆ ಹೊತ್ತವರು, ಅಡಿಕೆ ಮರ ಹತ್ತುವವರು, ಟ್ರ್ಯಾಕ್ಟರ್ ಓಡಿಸುವವರು, ಎಲ್ಲರಿಗೂ ಎಂಆರ್‌ಐ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯ ಪ್ರಕಾರ ನೋವೇ ಇಲ್ಲದ 20 ವರ್ಷದವರಲ್ಲೂ ಸುಮಾರು ಶೇ. 30ರಷ್ಟು ಜನಕ್ಕೆ ಡಿಸ್ಕ್ ಉಬ್ಬಿರುತ್ತದೆ. 80 ವರ್ಷದವರಲ್ಲಿ ಅದು ಸುಮಾರು ಶೇ. 84. ಆದರೆ ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್" ಅಂತ ಓದಿದ ಮನುಷ್ಯ ಮಾರನೇ ದಿನದಿಂದ ಬಗ್ಗುವುದನ್ನೇ ಬಿಡುತ್ತಾನೆ. ಈ ವಯಸ್ಸಿನಲ್ಲಿ ನೋವಿಲ್ಲದವರಲ್ಲೂ ಇದು ಸಾಮಾನ್ಯ ಅಂತ ರಿಪೋರ್ಟಿನಲ್ಲೇ ಒಂದು ಸಾಲು ಹಾಕಿ. ಖರ್ಚಿಲ್ಲದ ಕೆಲಸ. ಕಾಲಿನ ಬಲ ಕಡಿಮೆಯಾಗುವುದು, ಮೂತ್ರ ಕಟ್ಟುವುದು, ಜ್ವರ, ಕ್ಯಾನ್ಸರ್ ಇತಿಹಾಸ ಇಂಥವು ಇದ್ದರೆ ಮಾತ್ರ ಕಾಯಬಾರದು.

ಎರಡನೆಯದು ತುರ್ತು ಫೋನ್. ಮೆದುಳಿನಲ್ಲಿ ರಕ್ತಸ್ರಾವ, ಗರ್ಭನಾಳದಲ್ಲಿ ಗರ್ಭ, ಶ್ವಾಸಕೋಶದ ಸುತ್ತ ಗಾಳಿ ತುಂಬಿ ಎದೆ ಒತ್ತುವುದು. ಇಂಥದ್ದು ಕಂಡರೆ ರಿಪೋರ್ಟ್ ಟೈಪ್ ಆಗುವವರೆಗೆ ಕಾಯುವ ಹಾಗಿಲ್ಲ. ಒಂದು ಸಾದಾ ನೋಟ್‌ಬುಕ್ ಸಾಕು. ಗೆರೆ ಎಳೆದು ಬರೆಯಿರಿ: ನೋಡಿದ್ದು 2.10, ಫೋನ್ ಮಾಡಿದ್ದು 2.18, ಎತ್ತಿದವರು ಡ್ಯೂಟಿ ಡಾಕ್ಟರ್, ಹೇಳಿದ್ದನ್ನು ಅವರು ಮರಳಿ ಹೇಳಿದರಾ, ಹೌದು. ಈ ಕೊನೆಯ ಕಾಲಂ ಬಿಡಬೇಡಿ. ಗಲಾಟೆಯ ವಾರ್ಡಿನಲ್ಲಿ ಫೋನ್ ಎತ್ತಿದವರು "ಹೂಂ ಸಾರ್" ಅಂದಿದ್ದಕ್ಕೂ, ಎಡಗಡೆ ಬಲಗಡೆ ಸರಿಯಾಗಿ ಕೇಳಿಸಿಕೊಂಡಿದ್ದಕ್ಕೂ ವ್ಯತ್ಯಾಸ ಇದೆ.

ಮೂರನೆಯದು ಬಸ್ಸು. ರಿಪೋರ್ಟ್ ಸರಾಸರಿ ಎಷ್ಟು ಗಂಟೆಗೆ ಬಂತು ಅನ್ನುವುದು ದೊಡ್ಡ ಆಸ್ಪತ್ರೆಗಳ ಲೆಕ್ಕ. ನಮ್ಮಲ್ಲಿ ಕೇಳಬೇಕಾದ್ದು, ಹೊರ ತಾಲ್ಲೂಕಿನಿಂದ ಬಂದವರಲ್ಲಿ ಎಷ್ಟು ಜನ ಅವತ್ತೇ ರಿಪೋರ್ಟ್ ಹಿಡಿದು, ಡಾಕ್ಟರಿಗೆ ತೋರಿಸಿ, ಸಂಜೆ ಬಸ್ಸಿಗೆ ಊರಿಗೆ ಹೋದರು? ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರ ಹೆಸರಿನ ಮುಂದೆ ರಿಸೆಪ್ಷನ್‌ನಲ್ಲೇ ಒಂದು ಗುರುತು ಹಾಕಿ. ಅವರದ್ದು ಮೊದಲು ಓದಿ. ಪೇಟೆಯವರು ಸಂಜೆ ವಾಕಿಂಗ್ ಬಂದಾಗ ತೆಗೆದುಕೊಂಡು ಹೋಗಲಿ.

ವಿಕಿರಣದ ಡೋಸ್ ಯಾಕೆ ಮೂರರಲ್ಲಿ ಇಲ್ಲ ಅಂತ ಕೇಳಬಹುದು. ಅದು ಎರಡನೇ ವರ್ಷಕ್ಕೆ ಇರಲಿ ಅನ್ನುವುದು ನನ್ನ ಲೆಕ್ಕ, ಒಪ್ಪದವರು ಮೊದಲೇ ಶುರು ಮಾಡಲಿ. ಸಿಬ್ಬಂದಿಗೆ ಮಿತಿ ಇದೆ: 5 ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವ ವರ್ಷವೂ 30 ದಾಟಬಾರದು. ರೋಗಿಗೆ ಇಂಥ ಮಿತಿಯೇ ಇಲ್ಲ, ಸ್ಕ್ಯಾನ್ ಬೇಕಿತ್ತಾ, ಡೋಸ್ ಬೇಕಾದಷ್ಟೇ ಇತ್ತಾ ಅನ್ನುವುದೇ ಅವರಿಗೆ ರಕ್ಷಣೆ. ಹೊಟ್ಟೆಯ ಒಂದು ಸಿಟಿ ಸುಮಾರು 8ರಿಂದ 10 ಮಿಲಿಸೀವರ್ಟ್. ಪ್ರಕೃತಿಯಿಂದ ವರ್ಷವಿಡೀ ನಮಗೆ ಬರುವ ಜಾಗತಿಕ ಸರಾಸರಿ 2.4. ಸಿಟಿ ಮೆಷಿನ್ ಪ್ರತಿ ಸ್ಕ್ಯಾನಿಗೂ ಡೋಸ್ ಅಂಕಿ ತಾನೇ ತೋರಿಸುತ್ತದೆ. ಮಕ್ಕಳ ಸಿಟಿಯ ಅಂಕಿಗಳನ್ನು ಎಲ್ಲ ಸೆಂಟರ್‌ಗಳಿಂದ ತಂದು ಪಕ್ಕಪಕ್ಕ ಇಟ್ಟು ನೋಡಿ. ಯಾರದ್ದೋ ಒಂದು ಎದ್ದು ಕಾಣುತ್ತದೆ. ಎಷ್ಟೋ ಸಲ ಕಾರಣ ಸಣ್ಣದೇ: ದೊಡ್ಡವರ ಸೆಟ್ಟಿಂಗ್‌ನಲ್ಲೇ ಮಗುವನ್ನೂ ಮಲಗಿಸಿರುತ್ತಾರೆ.

ತಪ್ಪುಗಳ ಸಭೆ, ಬೇಲೂರಿನಲ್ಲಿ

ಎರಡು ತಿಂಗಳಿಗೊಮ್ಮೆ ಕೇಸ್ ಸಭೆ ಮಾಡಿ. ಹಾಸನದ ಕೇಸುಗಳನ್ನು ಚಿಕ್ಕಮಗಳೂರಿನವರು ನೋಡಲಿ, ಅವರದ್ದನ್ನು ಇವರು. ಒಂದೇ ಪೇಟೆಯ ಪೈಪೋಟಿ ಅಡ್ಡ ಬರುವುದಿಲ್ಲ. ಬೇಲೂರು ನಡುವೆ ಸಿಗುತ್ತದೆ, ಇಬ್ಬರಿಗೂ ಒಂದು ಗಂಟೆಯೊಳಗಿನ ದಾರಿ.

ನಿಯಮ ಕಟ್ಟುನಿಟ್ಟಾಗಿರಲಿ. ಹೆಸರು, ಆಸ್ಪತ್ರೆ, ನಂಬರ್ ಎಲ್ಲ ತೆಗೆದಿರಬೇಕು. ಅಲ್ಟ್ರಾಸೌಂಡ್ ಚಿತ್ರದ ಮೂಲೆಯಲ್ಲಿ ಹೆಸರು ಚಿತ್ರದೊಳಗೇ ಅಚ್ಚಾಗಿರುತ್ತದೆ, ಅದನ್ನು ಕತ್ತರಿಸಿ ತನ್ನಿ. ಯಾರೂ ಫೋನ್ ತೆಗೆದು ಫೋಟೋ ಹೊಡೆಯಬಾರದು, ಗ್ರೂಪಿಗೆ ಹಾಕಬಾರದು. ಯಾರು ತಪ್ಪು ಮಾಡಿದರು ಅಂತ ಕೇಳುವಂತಿಲ್ಲ, ಯಾಕೆ ಕಣ್ಣು ತಪ್ಪಿತು ಅಂತ ಮಾತ್ರ ಕೇಳಬಹುದು. ಅಂಕ ಕೊಡಬೇಡಿ. ಅಂಕ ಶುರುವಾದರೆ ಜನ ಸುಲಭದ ಕೇಸ್ ಮಾತ್ರ ತರುತ್ತಾರೆ. ನಡಾವಳಿಯಲ್ಲಿ ಕಲಿತ ಪಾಠ ಮಾತ್ರ ಇರಲಿ. ಹಿರಿಯರು ತಮ್ಮ ಕೇಸನ್ನೇ ಮೊದಲು ಇಡಬೇಕು. ಹಾಗಾಗದಿದ್ದರೆ ಕಿರಿಯರು ಬಾಯಿ ಬಿಡುವುದಿಲ್ಲ, ನಮ್ಮ ಊರುಗಳಲ್ಲಿ "ಸಾರ್" ಅನ್ನುವ ಪದದ ಭಾರ ಅಷ್ಟಿದೆ.

ಹಾಜರಾತಿ ಬರಬೇಕಾದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ ಈ ಸಭೆಗೆ ಕ್ರೆಡಿಟ್ ಅವರ್ ಕೇಳಿ. ನೋಂದಣಿ ನವೀಕರಣಕ್ಕೆ 5 ವರ್ಷಕ್ಕೆ 30 ಗಂಟೆ ಎಲ್ಲರಿಗೂ ಬೇಕೇ ಬೇಕು.

ಕಾನೂನಿನ ಕಾಗದಗಳು

ಇದನ್ನು ಬೇಗ ಮುಗಿಸೋಣ. ವರ್ಷಕ್ಕೊಮ್ಮೆ ಸದಸ್ಯರು ಪರಸ್ಪರರ ಸೆಂಟರಿಗೆ ಸ್ನೇಹದ ತಪಾಸಣೆಗೆ ಹೋಗಿ, ಇಲಾಖೆಯವರು ಬರುವ ಮುಂಚೆ. ಪಿಸಿಪಿಎನ್‌ಡಿಟಿ (ಭ್ರೂಣದ ಲಿಂಗ ಪತ್ತೆ ತಡೆಯುವ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲೆ ಕಾಣುತ್ತಿದೆಯಾ, ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಕನ್ನಡದಲ್ಲೂ ಇದೆಯಾ, ಬಸುರಿಯರ ಸ್ಕ್ಯಾನಿನ ವಿವರ ಬರೆಯುವ ಫಾರ್ಮ್ ಎಫ್ ಪೂರ್ತಿ ತುಂಬಿದೆಯಾ, ಪ್ರತಿ ತಿಂಗಳ 5ರೊಳಗೆ ವರದಿ ಹೋಗಿದೆಯಾ, ಎಕ್ಸ್‌ರೇ ಮತ್ತು ಸಿಟಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಚಾಲ್ತಿಯಲ್ಲಿದೆಯಾ, ಟೆಕ್ನಿಷಿಯನ್ ಎದೆಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಇದೆಯಾ ಇಲ್ಲ ಡ್ರಾಯರ್‌ನಲ್ಲಿದೆಯಾ.

ಪಿಸಿಪಿಎನ್‌ಡಿಟಿ ಕಾಯ್ದೆಯ ಕಾಗದಪತ್ರದ ಭಯದಲ್ಲೇ ಸಂಘಗಳ ಅರ್ಧ ಶಕ್ತಿ ಹೋಗುತ್ತದೆ. ಅದೇ ಅಲ್ಟ್ರಾಸೌಂಡ್‌ನಿಂದ ರಾಷ್ಟ್ರೀಯ ಸಂಘ 'ಸಂರಕ್ಷಣ್' ಅನ್ನುವ ಕಾರ್ಯಕ್ರಮ ಮಾಡಿದೆ. ಬಸುರಿಯರ ಸ್ಕ್ಯಾನಿನಲ್ಲಿ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಸೇರಿಸಿ, ಬೆಳವಣಿಗೆ ಕುಂಠಿತವಾಗುವ ಮಗುವನ್ನು ಮೊದಲೇ ಗುರುತಿಸಿ, ಹೆರಿಗೆಯ ಆಸುಪಾಸಿನ ಸಾವು ತಗ್ಗಿಸುವುದು ಅದರ ಉದ್ದೇಶ. ಜಿಲ್ಲಾ ಸಂಘಕ್ಕೆ ಹೇಳಿ ಮಾಡಿಸಿದ ಕೆಲಸ. ತರೀಕೆರೆಯಲ್ಲೋ ಅರಸೀಕೆರೆಯಲ್ಲೋ ಒಬ್ಬ ಪ್ರಸೂತಿ ತಜ್ಞರು ಒಪ್ಪಿದರೂ ಶುರು ಮಾಡಬಹುದು.

ಹೊರಗಿನವರನ್ನು ಒಳಗೆ ಕರೆಯಿರಿ

ಚೀಟಿ ಬರೆಯುವವರು ಬೇರೆ, ಸ್ಕ್ಯಾನ್ ಓದುವವರು ಬೇರೆ. ಇಬ್ಬರೂ ಒಂದೇ ಮೇಜಿಗೆ ಬರದೆ ಏನೂ ಬದಲಾಗುವುದಿಲ್ಲ. ಗುಣಮಟ್ಟ ಸಮಿತಿಗೆ ಒಬ್ಬ ಫಿಸಿಷಿಯನ್, ಒಬ್ಬ ಸರ್ಜನ್, ಸರ್ಕಾರಿ ಮೆಡಿಕಲ್ ಕಾಲೇಜಿನವರು ಒಬ್ಬರು ಬರಲಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ಕಾಲೇಜು ಇದೆ. ಟೆಕ್ನಿಷಿಯನ್ನರಿಗೆ ಸಹ ಸದಸ್ಯತ್ವ ಕೊಡಿ. ಎಷ್ಟು ಎಕ್ಸ್‌ರೇ ಎರಡನೇ ಸಲ ಹೊಡೆಯಬೇಕಾಯಿತು, ಯಾಕೆ ಅಂತ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಜೊತೆಗೆ ಡಾಕ್ಟರ್ ಅಲ್ಲದ ಒಬ್ಬರು ಬೇಕು. ನಿವೃತ್ತ ಹೆಡ್‌ಮಾಸ್ಟರೋ, ರೋಗಿಗಳನ್ನು ಕರೆದುಕೊಂಡು ಬರುವ ಆಶಾ ಕಾರ್ಯಕರ್ತೆಯೋ. ಅವರೆದುರು ಒಂದು ರಿಪೋರ್ಟ್ ಓದಿ, "ನಿಮಗೆ ಇದರಲ್ಲಿ ಏನು ಅರ್ಥವಾಯಿತು?" ಅಂತ ಕೇಳಿ. ಆ ಉತ್ತರಕ್ಕೆ ತಯಾರಾಗಿರಿ.

ನವೆಂಬರ್ 8ಕ್ಕೆ ಒಂದು ಹಾಳೆ

1895ರ ನವೆಂಬರ್ 8ರಂದು ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದರು. ಅದೇ ದಿನವನ್ನು ಈಗ ಅಂತಾರಾಷ್ಟ್ರೀಯ ರೇಡಿಯಾಲಜಿ ದಿನ ಅಂತ ಆಚರಿಸುತ್ತಾರೆ. ಕೇಕ್ ಕತ್ತರಿಸಿ, ಬೇಡ ಅನ್ನಲ್ಲ. ಅದರ ಜೊತೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಅಚ್ಚು ಹಾಕಿಸಿ, ಎಲ್ಲ ಸೆಂಟರಿನ ಕಾಯುವ ಜಾಗದಲ್ಲಿ ಅಂಟಿಸಿ. ಒಂದು ಕಡೆ ಸಂಘಕ್ಕೆ ದುಡ್ಡು ಯಾರಿಂದ ಬಂತು, ಎಲ್ಲಿಗೆ ಹೋಯಿತು. ಇನ್ನೊಂದು ಕಡೆ ಆ ಮೂರು ಲೆಕ್ಕ, ಸೆಂಟರಿನ ಹೆಸರಿಲ್ಲದೆ, ಇಡೀ ಜಿಲ್ಲೆಯದ್ದು. ಮೊದಲ ವರ್ಷ ಅಂಕಿ ಚೆನ್ನಾಗಿರುವುದಿಲ್ಲ. "ಈ ಸಲ ಬೇಡ ಬಿಡಿ, ಮುಂದಿನ ವರ್ಷ ಹಾಕೋಣ" ಅಂತ ಸಭೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಅದಕ್ಕೇ ಹಾಳೆ ಹಾಕುವ ಠರಾವನ್ನು ಏಪ್ರಿಲ್‌ನಲ್ಲೇ ಮಾಡಿಟ್ಟುಕೊಳ್ಳಿ, ಅಂಕಿ ಏನೆಂದು ಯಾರಿಗೂ ಗೊತ್ತಿಲ್ಲದಾಗ.